ಅಭಯವಚನವೂ ಆಶ್ರಯದ ಆಡಳಿತವೂ

ಶರಣಾಗತ, ಆಶ್ರಿತ, ನಿರಾಶ್ರಿತ ಎಂಬ ಮೂರು ಶಬ್ದಗಳು ಕನ್ನಡದಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯ ಮನುಷ್ಯನನ್ನು ಕುರಿತು ಪ್ರಯೋಗವಾಗುತ್ತವೆ. ಆದರೆ ಮೂರರ ಭಾವವೂ ಬೇರೆ ಬೇರೆ. ಶರಣಾಗತನು ಮರೆಹೊಕ್ಕವನು, ಆಶ್ರಿತನು ನೆರಳು ದೊರೆತವನು, ನಿರಾಶ್ರಿತನು ನೆರಳೇ ಇಲ್ಲದವನು. ಮೊದಲನೆಯ ಶಬ್ದವು ಪುರಾಣಕಾವ್ಯಗಳಲ್ಲಿ ಬೆಳೆದುಬಂದದ್ದು. ಎರಡನೆಯದು ಅರಮನೆ ಗುರುಮನೆಗಳಲ್ಲಿ ಬಳಕೆಯಾದದ್ದು. ಮೂರನೆಯದು 1947ರ ದೇಶವಿಭಜನೆಯ ತರುವಾಯ ವೃತ್ತಪತ್ರಿಕೆಗಳಲ್ಲಿಯೂ ಸರಕಾರದ ಕಾಗದಗಳಲ್ಲಿಯೂ ಬೇರೂರಿದ್ದು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿ 1966ರಿಂದ ಹೊಲ, ಮನೆ, ಮಠ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಂಡು ಬಾಳುತ್ತಿರುವ ಟಿಬೇಟಿಯರನ್ನು ಇಂದಿಗೂ ನಿರಾಶ್ರಿತರೆಂದೇ ಕರೆಯುವುದು ರೂಢಿ. ಆಶ್ರಯವನ್ನು ಕೊಟ್ಟು ಅರುವತ್ತು ವರ್ಷಗಳಾದ ಮೇಲೆಯೂ ಆಶ್ರಯವಿಲ್ಲದವರೆಂದು ಹೇಳುವ ಈ ಮಾತು ಭಾಷೆಯ ಅಜಾಗರೂಕತೆಯೋ, ಅಥವಾ ಭಾಷೆಗೆ ಮಾತ್ರ ತಿಳಿದಿರುವ ಯಾವುದೋ ಒಂದು ಸತ್ಯವೋ ಎಂಬುದು ವಿಚಾರಾರ್ಹವಾಗಿದೆ.

ಈ ವಿಚಾರವು ಕೇವಲ ರಾಜಕಾರಣಕ್ಕೆ ಸೇರಿದುದೆಂದು ಸಾಹಿತ್ಯಪ್ರಿಯರು ಕೈಬಿಡುವಂತಿಲ್ಲ. ಮರೆಹೊಕ್ಕವರನ್ನು ಕಾಯುವುದು ಕನ್ನಡ ಕಾವ್ಯದ ಅತ್ಯಂತ ಪ್ರಿಯವಾದ ವಸ್ತುಗಳಲ್ಲೊಂದು. ಸಾಮಾನ್ಯ ಗೃಹಸ್ಥನಿಗೆ ಈ ಧರ್ಮದ ಕಲ್ಪನೆ ಬಂದದ್ದು ಕಾಯಿದೆಯ ಗ್ರಂಥಗಳಿಂದಲ್ಲ, ಕಥೆಗಳಿಂದ. ಆದುದರಿಂದ ಆ ಕಥೆಗಳು ಏನನ್ನು ಕಲಿಸಿದವು, ಏನನ್ನು ಕಲಿಸದೆ ಬಿಟ್ಟವು ಎಂಬುದನ್ನು ಪರಿಶೀಲಿಸುವುದು ವಿಮರ್ಶೆಯ ಕೆಲಸವೇ ಸರಿ.

ಮೊದಲು ಶಿಬಿಯ ಕಥೆಯನ್ನು ತೆಗೆದುಕೊಳ್ಳಬಹುದು. ಗಿಡುಗನಿಗೆ ಹೆದರಿ ತೊಡೆಯೇರಿದ ಪಾರಿವಾಳಕ್ಕಾಗಿ ಅರಸನು ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗೆ ಇಡುತ್ತಾನೆ. ಕೇಳುವವರ ಕಣ್ಣಿನಲ್ಲಿ ನೀರು ಬರುತ್ತದೆ. ಆದರೆ ಅದು ಬರುವುದು ಅರಸನಿಗಾಗಿ, ಹಕ್ಕಿಗಾಗಿ ಅಲ್ಲ. ಕಥೆಯ ಕೊನೆಯಲ್ಲಿ ಹಕ್ಕಿಯು ಹಕ್ಕಿಯೇ ಅಲ್ಲವೆಂದೂ, ದಾತೃವಿನ ಸತ್ತ್ವವನ್ನು ಪರೀಕ್ಷಿಸಲು ಬಂದ ದೇವತೆಯೆಂದೂ ತಿಳಿಯುತ್ತದೆ. ಅಲ್ಲಿಗೆ ಮರೆಹೊಕ್ಕವನ ಕಷ್ಟವು ಕಷ್ಟವೇ ಅಲ್ಲವೆಂದಾಗಿ, ಕಾಯ್ದವನ ಕೀರ್ತಿಯೊಂದೇ ನಿಲ್ಲುತ್ತದೆ. ದಾನವನ್ನು ಹೊಗಳುವುದರಲ್ಲಿ ಈ ಕಥೆಗೆ ಸಮಾನವಾದುದು ಇನ್ನೊಂದಿಲ್ಲ. ಆದರೆ ಶರಣಾಗತನನ್ನು ತಿಳಿಯುವುದರಲ್ಲಿ ಇದು ಮಾಡುವ ಸಹಾಯ ಅತ್ಯಲ್ಪ.

ಗಯನ ಕಥೆ ಇದಕ್ಕಿಂತ ಆಳವಾದುದು. ಕೃಷ್ಣಾರ್ಜುನರ ಕಾಳಗವೆಂಬ ಯಕ್ಷಗಾನ ಪ್ರಸಂಗವಾಗಿ ಇದು ಉತ್ತರ ಕನ್ನಡದಲ್ಲಿ ಘಟ್ಟದ ಮೇಲೂ ಕೆಳಗೂ ಮನೆಮಾತಾಗಿದೆ. ಅರಿಯದೆ ಮಾಡಿದ ಒಂದು ಅಪಚಾರಕ್ಕಾಗಿ ಕೃಷ್ಣನು ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಅಟ್ಟುವವನು ಯಾರೆಂದು ಕೇಳುವುದಕ್ಕೆ ಮೊದಲೇ ಅರ್ಜುನನು ಗಯನಿಗೆ ಅಭಯವನ್ನು ಕೊಡುತ್ತಾನೆ. ಅಟ್ಟುವವನು ತನ್ನ ಸಖನೆಂದು ತಿಳಿದ ಮೇಲೂ ಕೊಟ್ಟ ಮಾತನ್ನು ಹಿಂದೆಗೆಯುವುದಿಲ್ಲ. ಈ ಪ್ರಸಂಗದ ಸಾರವೆಲ್ಲ ಇಲ್ಲಿದೆ: ಅಭಯಕ್ಕೆ ಬೆಲೆಯುಂಟು, ಆ ಬೆಲೆಯನ್ನು ತೆರಬೇಕಾದುದು ಶತ್ರುವಿನ ಮುಂದಲ್ಲ, ಮಿತ್ರನ ಮುಂದೆ.

1959ರ ವೃತ್ತಾಂತವನ್ನು ಬಲ್ಲವರಿಗೆ ಈ ಕಥೆ ಹಳೆಯದೆಂದು ತೋರಲಾರದು. ಚೀನದ ಸೇನೆಯು ಟಿಬೇಟಿನ ಪೂರ್ವಭಾಗವನ್ನು ಹೊಕ್ಕದ್ದು 1950ರ ಅಕ್ಟೋಬರಿನಲ್ಲಿ. 1954ರ ಏಪ್ರಿಲ್ 29ರಂದು ಭಾರತವು ಚೀನದೊಡನೆ ಟಿಬೇಟಿನ ವ್ಯಾಪಾರವನ್ನು ಕುರಿತು ಒಪ್ಪಂದ ಮಾಡಿಕೊಂಡಿತು. ಪಂಚಶೀಲವೆಂಬ ಹೆಸರು ಪಡೆದದ್ದು ಅದರ ಪೀಠಿಕೆಯ ತತ್ತ್ವಗಳೇ. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನರು ದಂಗೆಯೆದ್ದರು. 17ರ ರಾತ್ರಿ ದಲೈ ಲಾಮಾ ಅವರು ಅರಮನೆಯನ್ನು ಬಿಟ್ಟು, 31ರಂದು ಭಾರತದ ಗಡಿಯನ್ನು ಹೊಕ್ಕರು. ಅವರ ಹಿಂದೆಯೇ ಸುಮಾರು 80,000 ಜನರು ಹಿಮಾಲಯವನ್ನು ದಾಟಿಬಂದರು. ಪ್ರಧಾನಿ ಜವಾಹರಲಾಲ ನೆಹರೂ ಅವರು ಮಿತ್ರರಾಷ್ಟ್ರದ ಅಸಮಾಧಾನವನ್ನು ಬಲ್ಲವರಾಗಿಯೂ ಆಶ್ರಯವನ್ನು ಕೊಟ್ಟರು. ಮೂರು ವರ್ಷಗಳಲ್ಲಿ, 1962ರಲ್ಲಿ, ಯುದ್ಧವೂ ಬಂದಿತು. ಯುದ್ಧಕ್ಕೆ ಗಡಿಯ ವಿವಾದವೇ ಮೊದಲಾಗಿ ಬೇರೆ ಕಾರಣಗಳೂ ಇದ್ದವು. ಆದರೆ ಅಭಯಕ್ಕೆ ಬೆಲೆಯುಂಟೆಂಬ ಪ್ರಸಂಗಕರ್ತನ ಮಾತು ಸುಳ್ಳಾಗಲಿಲ್ಲ.

ಆದರೂ ಈ ಸಾದೃಶ್ಯವು ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ರಂಗಸ್ಥಳದಲ್ಲಿ ಕಾಳಗವು ಬಿಸಿಯೇರಿದಾಗ ಈಶ್ವರನು ಬಂದು ಇಬ್ಬರನ್ನೂ ಸಮಾಧಾನಪಡಿಸುತ್ತಾನೆ; ಗಯನು ಬದುಕಿಕೊಳ್ಳುತ್ತಾನೆ; ಭಾಗವತರು ಮಂಗಳ ಹಾಡುತ್ತಾರೆ. ಮರುದಿನ ಗಯನು ಎಲ್ಲಿ ಮಲಗಿದನು, ಏನನ್ನು ಉಂಡನು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾರಣವೂ ಇಲ್ಲ. ಅವನಿಗೆ ಹಿಂದಿರುಗಲು ಗಂಧರ್ವಲೋಕವಿದೆ. ಟಿಬೇಟಿನಿಂದ ಬಂದವರಿಗೆ ಆ ಲೋಕವು ಮುಚ್ಚಿಹೋಯಿತು. ಅವರ ಕಥೆಯು ಪ್ರಾರಂಭವಾದದ್ದು ಪ್ರಸಂಗವು ಮುಗಿಯುವ ಸ್ಥಳದಲ್ಲಿ.

ಆ ಮುಂದಿನ ಭಾಗವನ್ನು ಒಬ್ಬ ಅರ್ಜುನನಿಂದ ನಡೆಸಲು ಸಾಧ್ಯವಿರಲಿಲ್ಲ. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ತಾತ್ಕಾಲಿಕ ಶಿಬಿರವನ್ನು ತೆರೆಯಬೇಕಾಯಿತು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಟಿಬೇಟಿಯರ ಪರಿಹಾರಕ್ಕಾಗಿ ಒಂದು ಕೇಂದ್ರ ಸಮಿತಿ ಏರ್ಪಟ್ಟಿತು. ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಸುಮಾರು 1,500 ಭಿಕ್ಷುಗಳಿಗೆ ವಸತಿ ದೊರೆಯಿತು. ಅಲ್ಲಿಯ ಸೆಕೆಯಲ್ಲಿಯೂ ಇಕ್ಕಟ್ಟಿನಲ್ಲಿಯೂ ಕ್ಷಯರೋಗವು ಅನೇಕರನ್ನು ಬಲಿತೆಗೆದುಕೊಂಡಿತು. ಅನೇಕರು ಹಿಮಾಲಯದ ರಸ್ತೆಗಳನ್ನು ಕಡಿಯುವ ಕೂಲಿಗಳಾದರು. ಭೂಮಿಯನ್ನು ಕೊಡಬಲ್ಲವು ರಾಜ್ಯಸರಕಾರಗಳು ಮಾತ್ರ; ನೆಹರೂ ಅವರ ಕೋರಿಕೆಗೆ ಓಗೊಟ್ಟವರಲ್ಲಿ ಅಂದಿನ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಹೆಸರು ಅಗ್ರಗಣ್ಯವಾದುದು. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಡಲಾಯಿತು. 1966ರಲ್ಲಿ ಮುಂಡಗೋಡದ ಸರದಿ ಬಂದಿತು. ತರುವಾಯ ಹುಣಸೂರು, ಕೊಳ್ಳೇಗಾಲ ಕಡೆಗಳಲ್ಲಿಯೂ ನೆಲೆಗಳಾದವು. 1968ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಎಂದರೆ ಇಂದು ಮೈರಾಡ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಸಂಸ್ಥೆಯು, ಹುಟ್ಟಿದ್ದೇ ಈ ಕಾರ್ಯಕ್ಕಾಗಿ.

ಹೀಗೆ ಮುಂಡಗೋಡದ ಒಂದು ಕುಟುಂಬವು ಒಂದು ಬೆಳೆಯನ್ನು ತೆಗೆಯಬೇಕಾದರೆ ಎಷ್ಟು ಕೈಗಳು ಕೂಡಬೇಕಾಯಿತೆಂಬುದನ್ನು ಎಣಿಸಿ ನೋಡಬಹುದು. ಅನುಮತಿಯು ಕೇಂದ್ರದ್ದು, ಕಾಡಿನ ಭೂಮಿಯು ರಾಜ್ಯದ್ದು, ಹಣದ ಒಂದು ಪಾಲು ವಿದೇಶದ ಧರ್ಮಾರ್ಥ ಸಂಸ್ಥೆಗಳದು, ಕೃಷಿಯ ತಿಳಿವಳಿಕೆಯು ಸ್ವಯಂಸೇವಾ ಸಂಸ್ಥೆಯದು, ಬೀಜಗೊಬ್ಬರಗಳ ವ್ಯವಹಾರವು ಅವರದೇ ಸಹಕಾರಿ ಸಂಘದ್ದು, ಮಕ್ಕಳ ಶಾಲೆಯು 1961ರಲ್ಲಿ ಸ್ಥಾಪಿತವಾದ ಕೇಂದ್ರೀಯ ಟಿಬೇಟಿ ಶಾಲೆಗಳ ಆಡಳಿತದ್ದು, ವಸಾಹತಿನ ದೈನಂದಿನ ನ್ಯಾಯ ಅನ್ಯಾಯಗಳ ವಿಚಾರವು ಧರ್ಮಶಾಲೆಯ ಟಿಬೇಟಿ ಆಡಳಿತವು ನೇಮಿಸಿದ ಪ್ರತಿನಿಧಿಯದು. ಕಾಡನ್ನು ಕಡಿದು ಮುಸುಕಿನ ಜೋಳವನ್ನು ಬಿತ್ತಿದ ತೋಳು ಮಾತ್ರ ನಿವಾಸಿಗಳದೇ. ಬಕ್ಸಾದಿಂದ ಬಂದ ಗಾನ್ದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳೂ ಮೊದಲ ವರ್ಷಗಳಲ್ಲಿ ಹೊಲದಲ್ಲಿ ದುಡಿಯಲೇಬೇಕಾಯಿತು. ಲಾಸಾದ ಬಳಿ ಕ್ರಮವಾಗಿ 1409 ಮತ್ತು 1416ರಲ್ಲಿ ಸ್ಥಾಪಿತವಾದ ಈ ಎರಡು ವಿದ್ಯಾಪೀಠಗಳು ಇಂದು ಮುಂಡಗೋಡದಲ್ಲಿ ಸಹಸ್ರಾರು ವಿದ್ಯಾರ್ಥಿಗಳಿಗೆ ತರ್ಕ, ಮೀಮಾಂಸೆಗಳನ್ನು ಕಲಿಸುತ್ತಿವೆ.

ಇಷ್ಟೊಂದು ಕೈಗಳು ಕೂಡಿ ನಡೆಸಿದ ಕಾರ್ಯದಲ್ಲಿ ಕಾವ್ಯಕ್ಕೆ ವಸ್ತುವಿಲ್ಲವೆಂದು ಹೇಳುವವರುಂಟು. ಕಚೇರಿಯ ಕಾಗದಪತ್ರಗಳಲ್ಲಿ ರಸವೆಲ್ಲಿಯದು ಎಂದು ಅವರು ಕೇಳುವರು. ಈ ಆಕ್ಷೇಪಕ್ಕೆ ಕನ್ನಡದಲ್ಲಿಯೇ ಸಮಾಧಾನವಿದೆ. ಅದು ಕುಮಾರವ್ಯಾಸನ ವಿರಾಟಪರ್ವ. ಮಳೆಗಾಗಿ ಹಳ್ಳಿಹಳ್ಳಿಗಳಲ್ಲಿ ಓದಿಸುತ್ತ ಬಂದಿರುವ ಈ ಪರ್ವವನ್ನು ಆಶ್ರಿತರ ಜೀವನದ ಕಾವ್ಯವೆಂದು ಓದಿದವರು ವಿರಳ. ರಾಜ್ಯವನ್ನು ಕಳೆದುಕೊಂಡವರು ಪರರ ಊರಿಗೆ ಬಂದು ಕಂಕಭಟ್ಟ, ವಲಲ, ಬೃಹನ್ನಳೆ, ಸೈರಂಧ್ರಿ ಎಂದು ಹೆಸರು ಬದಲಿಸಿಕೊಂಡು, ಜೂಜಿನ ಜೊತೆಗಾರಿಕೆ, ಅಡಿಗೆ, ನಾಟ್ಯ, ದಾಸ್ಯಗಳಿಂದ ಹೊಟ್ಟೆ ಹೊರೆದುಕೊಳ್ಳುತ್ತಾರೆ. ಇಲ್ಲಿ ಅಭಯವಚನದ ಗಾಂಭೀರ್ಯವಿಲ್ಲ. ಇರುವುದು ದಿನದಿನದ ಕೆಲಸ, ಗುರುತು ಸಿಕ್ಕೀತೆಂಬ ಭಯ, ಅವಧಿಯು ಮುಗಿಯುವುದನ್ನು ಎಣಿಸುವ ಮನಸ್ಸು. ಶಿಬಿಯ ಕಥೆಯಲ್ಲಿ ಬಾಯಿಲ್ಲದ ಹಕ್ಕಿಗೆ ಇಲ್ಲಿ ಬಾಯಿ ಬಂದಿದೆ.

ಈ ಪರ್ವದಲ್ಲಿ ಕೀಚಕನ ಪ್ರಸಂಗವು ವಿಶೇಷ ಗಮನಕ್ಕೆ ಅರ್ಹವಾದುದು. ದ್ರೌಪದಿಗೆ ಮತ್ಸ್ಯನಗರದಲ್ಲಿ ಅನ್ನವಿತ್ತು, ವಸತಿಯಿತ್ತು, ರಾಣಿಯ ಮನ್ನಣೆಯೂ ಇತ್ತು. ಆದರೂ ತುಂಬಿದ ಸಭೆಯಲ್ಲಿ ಕೀಚಕನು ಅವಳನ್ನು ಒದೆದಾಗ ಆಶ್ರಯವನ್ನು ಕೊಟ್ಟ ಅರಸನು ಸುಮ್ಮನೆ ಕುಳಿತನು. ತನ್ನ ಮೈದುನನ ಬಲಕ್ಕೆ ತಾನೇ ಅಂಜುವವನು ಅವನು. ಆಶ್ರಯವೇ ಬೇರೆ, ರಕ್ಷಣೆಯೇ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಶಾಸನವೂ ಹೇಳಿಲ್ಲ. ಅನ್ನ, ಬಟ್ಟೆ, ಸೂರುಗಳನ್ನು ಕೊಡುವುದು ಆಶ್ರಯ. ಮಾನಪ್ರಾಣಗಳಿಗೆ ಹಾನಿ ಬಂದಾಗ ಯಾರ ಬಾಗಿಲನ್ನು ತಟ್ಟಬೇಕೆಂಬುದು ಮೊದಲೇ ಗೊತ್ತಿರುವುದು ರಕ್ಷಣೆ. ಸೈರಂಧ್ರಿಗೆ ಗೊತ್ತಿದ್ದದ್ದು ಅಡಿಗೆಮನೆಯ ಬಾಗಿಲೊಂದೇ, ಅಲ್ಲಿ ಭೀಮನಿದ್ದನು. ಭೀಮನಿಲ್ಲದವರ ಗತಿಯೇನೆಂಬ ಪ್ರಶ್ನೆಯನ್ನು ಕಾವ್ಯವು ವಾಚಕರಿಗೆ ಬಿಟ್ಟಿದೆ.

ಲೋಕವು ಈ ಪ್ರಶ್ನೆಗೆ ಉತ್ತರವನ್ನು ಹುಡುಕತೊಡಗಿದ್ದು ತಡವಾಗಿ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಯು ಆ ವರ್ಷದ ಜನವರಿ 1ಕ್ಕೆ ಮೊದಲು ನಡೆದ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆ ಮಿತಿಯನ್ನು ತೆಗೆದುಹಾಕಿದ್ದು 1967ರ ಪೂರಕಪತ್ರ. ಭಾರತವು ಎರಡಕ್ಕೂ ಸಹಿ ಮಾಡಿಲ್ಲ. ತಮ್ಮ ದೇಶದ ಗಡಿಯೊಳಗೇ ಸ್ಥಾನಭ್ರಷ್ಟರಾದವರಿಗೆ ಮಾರ್ಗದರ್ಶಕ ತತ್ತ್ವಗಳು ದೊರೆತದ್ದು 1998ರಲ್ಲಿ. ಯುದ್ಧಪೀಡಿತ ಪ್ರದೇಶಗಳಲ್ಲಿ ಹತ್ತಾರು ಸಂಸ್ಥೆಗಳು ಒಂದೇ ಊರಿಗೆ ನುಗ್ಗಿ ಇನ್ನೊಂದು ಊರನ್ನು ಮರೆಯುವ ಅವ್ಯವಸ್ಥೆಯನ್ನು ಕಂಡು, ನೀರಿನ ಹೊಣೆ ಯಾರದು, ವಸತಿಯ ಹೊಣೆ ಯಾರದು, ರಕ್ಷಣೆಯ ಹೊಣೆ ಯಾರದು ಎಂದು ವಿಭಾಗ ಮಾಡುವ ಪದ್ಧತಿಯು 2005ರಲ್ಲಿ ಜಾರಿಗೆ ಬಂದಿತು. ರಕ್ಷಣೆಯ ಗುಂಪಿನ ಮುಂದಾಳುತನವು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಅವರ ಕಚೇರಿಗೆ ಸೇರಿತು. ಅದೇ ಕಚೇರಿಯ ಲೆಕ್ಕದಂತೆ 2024ರ ಕೊನೆಗೆ ಲೋಕದಲ್ಲಿ ಬಲಾತ್ಕಾರದಿಂದ ನೆಲೆ ತಪ್ಪಿದವರ ಸಂಖ್ಯೆ 12 ಕೋಟಿ 32 ಲಕ್ಷ. ಯಾವ ಒಬ್ಬ ಶಿಬಿಯ ತಕ್ಕಡಿಗೂ ಇಷ್ಟು ಭಾರವು ಏರತಕ್ಕದ್ದಲ್ಲ. ಹೊಣೆಯನ್ನು ಹಂಚಿಕೊಳ್ಳದ ಕರುಣೆಯು ಇಂದು ಕರುಣೆಯಾಗಿ ಉಳಿಯಲಾರದು.

ಹಂಚಿಕೊಂಡ ಹೊಣೆಗೂ ದೋಷಗಳಿಲ್ಲದಿಲ್ಲ. ಮುಂಡಗೋಡವೇ ಇದಕ್ಕೆ ಸಾಕ್ಷಿ. ಅಲ್ಲಿ ಅನ್ನದ ಹೊಣೆ ಹೊತ್ತವರು ಹಲವರು. ಹೆಸರಿನ ಹೊಣೆ ಹೊತ್ತವರು ಯಾರೂ ಇಲ್ಲ. ಕಾಯಿದೆಯ ಕಣ್ಣಿಗೆ ಟಿಬೇಟಿಯನು ನಿರಾಶ್ರಿತನೂ ಅಲ್ಲ, ವಿದೇಶಿಯನು. 1946ರ ಅಧಿನಿಯಮವು ಹೇಳಿದ್ದೂ ಅದನ್ನೇ, ಅದನ್ನು ರದ್ದುಗೊಳಿಸಿದ 2025ರ ಅಧಿನಿಯಮದಲ್ಲಿ ನಿರಾಶ್ರಿತನೆಂಬ ಬೇರೆ ವರ್ಗವು ಹುಟ್ಟಲೂ ಇಲ್ಲ. ನೋಂದಣಿಪತ್ರವನ್ನು ಕಾಲಕಾಲಕ್ಕೆ ಹೊಸದು ಮಾಡಿಸಿಕೊಳ್ಳುತ್ತ ಮೂರು ತಲೆಮಾರುಗಳು ಕಳೆದಿವೆ. 2014ರ ಪುನರ್ವಸತಿ ನೀತಿಯು ಭೂಮಿಗೆ ಇಪ್ಪತ್ತು ವರ್ಷಗಳ ಗುತ್ತಿಗೆಯ ಪತ್ರವನ್ನು ಮಾಡಿಕೊಡಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಅರ್ಧ ಶತಮಾನಕ್ಕೆ ಸಮೀಪವಾಗಿ ಉತ್ತ ಹೊಲಕ್ಕೆ ಕಾಗದದ ಮಾತು ಬಂದದ್ದು ಆಗ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ನಾಗರಿಕರೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ ಟಿಬೇಟಿ ಯುವತಿಯೊಬ್ಬಳ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಆದರೂ ಆ ಹಕ್ಕನ್ನು ತೆಗೆದುಕೊಂಡರೆ ತಾಯ್ನಾಡಿನ ಮೇಲಣ ಹಂಬಲವನ್ನು ಬಿಟ್ಟಂತಾಯಿತೇ ಎಂದು ಹಿಂಜರಿಯುವವರುಂಟು. ಇಷ್ಟನ್ನೂ ನೋಡಿದರೆ ನಿರಾಶ್ರಿತನೆಂಬ ಶಬ್ದವು ಅಜಾಗರೂಕತೆಯಿಂದ ಉಳಿದುದಲ್ಲವೆಂದು ತೋರುತ್ತದೆ. ಸೂರು ದೊರೆತರೂ ನೆಲೆ ದೊರೆತಿಲ್ಲವೆಂಬುದನ್ನು ಭಾಷೆಯು ತನ್ನ ರೀತಿಯಲ್ಲಿ ಹೇಳುತ್ತಿದೆ. ವಸಾಹತಿನ ಊರುಗಳಿಗೆ ಇಂದಿಗೂ ಕ್ಯಾಂಪೆಂಬ ಹೆಸರೂ ಅಂಕಿಗಳೂ ಉಳಿದಿರುವುದು, ಮಠಗಳಿರುವ ಎಡೆಯನ್ನು ಲಾಮಾ ಕ್ಯಾಂಪೆಂದು ಕರೆಯುವುದು ಇದೇ ಸತ್ಯದ ಇನ್ನೊಂದು ಮುಖ. ಡೇರೆಯು ಹೋಗಿ ಹಂಚಿನ ಮನೆ ಬಂದರೂ ಹೆಸರು ಡೇರೆಯದೇ.

ದಲೈ ಲಾಮಾ ಅವರ ಎರಡು ಆತ್ಮಚರಿತ್ರೆಗಳನ್ನು ಈ ದೃಷ್ಟಿಯಿಂದ ಹೋಲಿಸುವುದು ಉಚಿತ. 1962ರಲ್ಲಿ ಪ್ರಕಟವಾದ 'ಮೈ ಲ್ಯಾಂಡ್ ಅಂಡ್ ಮೈ ಪೀಪಲ್' ಎಂಬುದು ಗಯಪ್ರಸಂಗದ ಜಾತಿಯದು. ಸಂಕಟ, ಪಲಾಯನ, ಅಭಯ ಎಂಬ ಕ್ರಮದಲ್ಲಿ ಅದು ಏರುತ್ತ ಹೋಗುತ್ತದೆ. ಅನುಬಂಧದಲ್ಲಿ ವಿಶ್ವಸಂಸ್ಥೆಗೆ ಬರೆದ ಮನವಿಗಳನ್ನು ಅಚ್ಚು ಹಾಕಲಾಗಿದೆ. ಹಿಂದಿರುಗುವ ದಿನವು ಸಮೀಪದಲ್ಲಿಯೇ ಇದೆಯೆಂಬ ಭಾವವು ಅದರಲ್ಲಿ ಇನ್ನೂ ಜೀವಂತವಾಗಿದೆ. 1990ರ 'ಫ್ರೀಡಂ ಇನ್ ಎಕ್ಸೈಲ್' ವಿರಾಟಪರ್ವದ ಜಾತಿಯದು. ಪಲಾಯನದ ತರುವಾಯದ ಮೂವತ್ತು ವರ್ಷಗಳಿಗೆ ಅದು ರೂಪವನ್ನು ಕಂಡುಕೊಳ್ಳಬೇಕಾಗಿತ್ತು. ಬೈಲಕುಪ್ಪೆಯ ಕಾಡನ್ನು ಕಡಿದ ಮೊದಲ ದಿನಗಳ ಕಷ್ಟ, ಮಕ್ಕಳ ಶಾಲೆಗಳ ಚಿಂತೆ, ಧನಸಂಗ್ರಹದ ತೊಡಕು ಇವೆಲ್ಲ ಅದರಲ್ಲಿ ಸ್ಥಾನ ಪಡೆದಿವೆ. ಕಥನಕೌತುಕದಲ್ಲಿ ಮೊದಲನೆಯದೇ ಮೇಲು; ಆದರೆ ಮನುಷ್ಯನ ಬಾಳನ್ನು ತೋರಿಸುವುದರಲ್ಲಿ ಎರಡನೆಯದು ಹೆಚ್ಚಿನದು. ಅದರ ದೋಷವೆಂದರೆ, ಎಲ್ಲವನ್ನೂ ನಾಯಕನ ಕಣ್ಣಿನಿಂದಲೇ ಕಾಣಬೇಕಾಗಿರುವುದು. ಕಾಡು ಕಡಿದವನ ಕೈಯ ಬೊಕ್ಕೆಯನ್ನು ನಾಯಕನು ಕಂಡು ಮರುಗುತ್ತಾನೆ; ಬೊಕ್ಕೆಯಿದ್ದವನೇ ಮಾತಾಡುವುದು ಬೇರೆ.

ಆ ಬೇರೆಯ ಮಾತು ಮುಂದಿನ ತಲೆಮಾರಿನಲ್ಲಿ ಕೇಳಿಸುತ್ತದೆ. ಕವಿ ತೆನ್‌ಜಿನ್ ತ್ಸುಂಡ್ಯೂ ಅವರ 'ಮೈ ಕೈಂಡ್ ಆಫ್ ಎಕ್ಸೈಲ್' ಎಂಬ ಪ್ರಬಂಧಕ್ಕೆ 2001ರಲ್ಲಿ ಔಟ್‌ಲುಕ್-ಪಿಕಾಡೋರ್ ಪಾರಿತೋಷಕ ಬಂದಿತು. ಕಳೆದುಕೊಂಡ ದೇಶವನ್ನು ಕಾಣದೆಯೇ ಅದನ್ನು ಕಳೆದುಕೊಂಡವನ ಸ್ಥಿತಿ ಅದರ ವಸ್ತು. ಯಾವ ಊರಿನವನೆಂಬ ಸಾಮಾನ್ಯ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಅಲ್ಲಿಯ ದುಃಖ. ಅಭಯವನ್ನು ಕೊಟ್ಟವರ ಮೇಲೆ ಅದರಲ್ಲಿ ದೂರಿಲ್ಲ, ಸ್ತುತಿಯೂ ಇಲ್ಲ. ಶರಣಾಗತನು ದಾತೃವನ್ನು ಹೊಗಳುವ ಋಣದಿಂದ ಬಿಡುಗಡೆ ಹೊಂದಿ, ತನ್ನ ಸ್ಥಿತಿಯನ್ನು ತಾನೇ ವಿಚಾರಿಸತೊಡಗಿದ್ದು ಸಾಹಿತ್ಯದ ದೃಷ್ಟಿಯಿಂದ ಒಂದು ಮುನ್ನಡೆ.

ಇನ್ನು ಕನ್ನಡದ ಪಾಲೇನು? ಟಿಬೇಟಿಯನು ಚಳಿಗಾಲದ ಸ್ವೆಟರಿನ ವ್ಯಾಪಾರಿಯಾಗಿ ಕನ್ನಡಿಗರ ಮನೆಗಳಿಗೆ ಬಂದಷ್ಟು ಸಲೀಸಾಗಿ ಕನ್ನಡದ ಗ್ರಂಥಗಳಿಗೆ ಬಂದಿಲ್ಲ. ಮುಂಡಗೋಡವು ಬನವಾಸಿಗೆ ನೆರೆಯ ಸೀಮೆ. ಅಗಲಿದ ನಾಡಿನ ಹಂಬಲಕ್ಕೆ ಕನ್ನಡದಲ್ಲಿ ಶಾಶ್ವತವಾದ ವಾಣಿಯನ್ನು ಕೊಟ್ಟ ಪಂಪನು 941ರಲ್ಲಿ ಮುಗಿಸಿದ ಕಾವ್ಯದಲ್ಲಿ ನೆನೆದದ್ದು ಆ ಸೀಮೆಯನ್ನೇ. ಅಂತಹ ಮಣ್ಣಿನಲ್ಲಿಯೇ ಬೇರೊಂದು ನಾಡನ್ನು ನೆನೆಯುವ ಜನರು ಅರುವತ್ತು ವರ್ಷಗಳಿಂದ ಇದ್ದರೂ, ಒಬ್ಬರ ಹಂಬಲವು ಇನ್ನೊಬ್ಬರ ಭಾಷೆಗೆ ದಾಟುವ ಸೇತುವೆ ಇನ್ನೂ ಕಿರಿದಾಗಿಯೇ ಇದೆ.

ಈ ಕೊರತೆಯನ್ನು ತುಂಬುವವರು ಟಿಬೇಟಿಯರನ್ನು ಮಾತ್ರ ಬೇರೆಯಾಗಿ ತೆಗೆದು ಬರೆದರೆ ಚಿತ್ರವು ಅರ್ಧವಾಗುವುದು. ಇದೇ ಮುಂಡಗೋಡ, ಹಳಿಯಾಳ, ಜೋಯಿಡಾ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರು ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಬಂದವರು. ಅವರಿಗೆ ಅಭಯವನ್ನು ಕೊಟ್ಟ ಅರ್ಜುನನೂ ಇಲ್ಲ, ಭೂಮಿಯನ್ನು ಕೊಟ್ಟ ಸರಕಾರವೂ ಇಲ್ಲ, ಅಡಗಿಸಿಕೊಂಡದ್ದು ಕಾಡು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ದಾಂಡೇಲಿಯ ಮೇಲ್ಗಡೆ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಸೂಪಾ ಊರು ನೀರಿನಲ್ಲಿ ಮುಳುಗಿತು. ಅಲ್ಲಿಯ ಜನರು ರಾಮನಗರವೇ ಮೊದಲಾದ ಎಡೆಗಳಿಗೆ ಹೋಗಿ ನೆಲೆಸಿದರು. ಯುದ್ಧದಿಂದ ಓಡಿಬಂದವನು, ದಾಸ್ಯದಿಂದ ಓಡಿಬಂದವನು, ನಾಡಿನ ಬೆಳಕಿಗಾಗಿ ಮನೆಯನ್ನು ಬಿಟ್ಟವನು, ಈ ಮೂವರೂ ಹತ್ತಿರದ ನೆರೆಯವರು. ಮೊದಲನೆಯವನಿಗೆ ಹಲವು ಕೈಗಳು ಕೂಡಿ ನೆರವಾದವೆಂಬುದು ಉಳಿದಿಬ್ಬರಲ್ಲಿ ಅಸೂಯೆಯನ್ನು ಹುಟ್ಟಿಸುವ ಸಂಗತಿಯಾಗಬೇಕಾಗಿಲ್ಲ. ಹಾಗೆ ಕೂಡುವುದು ಸಾಧ್ಯವೆಂಬುದಕ್ಕೆ ಅದು ನಿದರ್ಶನ. ಉಳಿದೆಡೆಗಳಲ್ಲಿ ಏಕೆ ಕೂಡಲಿಲ್ಲವೆಂದು ಕೇಳಲು ಅದೇ ಆಧಾರ.

ಆಶ್ರಿತನಿಂದ ಆಶ್ರಯದಾತನಿಗೆ ಬರುವ ಪ್ರತಿಫಲವನ್ನೂ ವಿರಾಟಪರ್ವವು ಮರೆತಿಲ್ಲ. ಕೌರವರು ಗೋವುಗಳನ್ನು ಹಿಡಿದಾಗ ಮತ್ಸ್ಯನಗರದ ಪರವಾಗಿ ರಥವೇರಿದವನು ನಾಟ್ಯದ ಗುರುವಾಗಿದ್ದ ಬೃಹನ್ನಳೆ. 1962ರ ಯುದ್ಧಕಾಲದಲ್ಲಿ ಏರ್ಪಟ್ಟ ವಿಶೇಷ ಸೀಮಾದಳದಲ್ಲಿ ಸೇರಿದ ಟಿಬೇಟಿ ಯೋಧರು 1971ರಲ್ಲಿ ಬಾಂಗ್ಲಾದೇಶದ ಬಿಡುಗಡೆಗಾಗಿ ಹೋರಾಡಿದರು. ಅವರ ಹೆಸರುಗಳು ಬಹುಕಾಲ ಬೆಳಕಿಗೆ ಬರಲಿಲ್ಲ. ಅಜ್ಞಾತವಾಸದ ವೀರ್ಯವೆಂದರೆ ಇದೇ. ಗೋಗ್ರಹಣದ ತರುವಾಯವಾದರೂ ವಿರಾಟನಿಗೆ ತನ್ನ ಮನೆಯಲ್ಲಿದ್ದವರು ಯಾರೆಂದು ತಿಳಿಯಿತು. ಆಗ ಅವರು ತಾವಾಗಿಯೇ ಅವನ ಆಸನದ ಮೇಲೆ ಕುಳಿತಿದ್ದರು.

ಆ ತಿಳಿವು ಅರಸನಿಗೆ ಒಂದು ಹಗಲಿನಲ್ಲಿ ದೊರೆತದ್ದು ಕಾವ್ಯದ ಸೌಕರ್ಯ. ನಾಡಿಗೆ ಅದು ದೊರೆಯಬೇಕಾದರೆ ಬರೆಯುವವರು ಬೇಕು. ಅಭಯವಚನದ ಗಂಭೀರಧ್ವನಿಯನ್ನು ಕನ್ನಡವು ಚೆನ್ನಾಗಿ ಬಲ್ಲದು; ನೋಂದಣಿಪತ್ರ, ಗುತ್ತಿಗೆ, ಸಹಕಾರಿ ಸಂಘದ ಲೆಕ್ಕ, ಶಾಲೆಯ ಹಾಜರಿ ಇವುಗಳಲ್ಲಿ ಹರಡಿಕೊಂಡಿರುವ ಕರುಣೆಯ ಧ್ವನಿಯನ್ನು ಅದು ಇನ್ನು ಕಲಿಯಬೇಕಾಗಿದೆ. ಮುಂಡಗೋಡದ ಮೊದಲ ದಿನಗಳನ್ನು ಕಂಡವರಲ್ಲಿ ಟಿಬೇಟಿಯರೂ ಕನ್ನಡಿಗರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರ ಮಾತನ್ನು ಕೇಳಿ ಬರೆದಿಡುವ ಕೆಲಸಕ್ಕೆ ಕಾಲವು ಹೆಚ್ಚಾಗಿ ಉಳಿದಿಲ್ಲ.